ಸಾಲದ ಭಾರ, ಸಂಕೋಚದ ಭಾರ



ಮನುಷ್ಯನಾಗಿ ಹುಟ್ಟಿದವನು ಋಣದಲ್ಲಿಯೇ ಹುಟ್ಟುತ್ತಾನೆ. ಹೆತ್ತವರ ಋಣ, ಅನ್ನದ ಋಣ, ಮಣ್ಣಿನ ಋಣ ಎಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಈ ಋಣಗಳನ್ನು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. 'ಅವರ ಮನೆಯ ಅನ್ನದ ಋಣ ನನ್ನ ಮೇಲಿದೆ' ಎಂದು ನಾಲ್ಕು ಜನರ ಎದುರಿಗೇ ಹೇಳುತ್ತೇವೆ. ಆದರೆ ಋಣವು ರೂಪಾಯಿಯ ರೂಪದಲ್ಲಿ ಬಂದರೆ ಬಾಯಿ ಕಟ್ಟುತ್ತದೆ. ಕೈಹಿಡಿದ ಹೆಂಡತಿಗೂ ಹೇಳದೆ, ಬೆಳೆದ ಮಗನಿಗೂ ತಿಳಿಸದೆ, ಅದನ್ನು ಎದೆಯೊಳಗೆ ಇಟ್ಟುಕೊಂಡು ರಾತ್ರಿಗಳನ್ನು ಕಳೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಸಾಲ ಮಾಡಿದವನು ತಪ್ಪಿತಸ್ಥನೆ? ಅದನ್ನು ಹೇಳಿಕೊಂಡರೆ ಮಾನ ಹೋಗುತ್ತದೆಯೆ? ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ, ಮುತ್ತಂಗದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹಾದಿಯಲ್ಲಿ ಕಲ್ಲೂರು ಸಿಗುತ್ತದೆ. ಕರಿಮೆಣಸು ಮತ್ತು ಕಾಫಿಯನ್ನು ನಂಬಿ ಬದುಕುವ ವಯನಾಡಿನ ಸೀಮೆಯಿದು. 1990ರ ದಶಕದ ಕೊನೆಯಲ್ಲಿ ಕಿಲೋ ಮೆಣಸಿನ ಬೆಲೆ 200 ರೂಪಾಯಿ ದಾಟಿತ್ತು. ಆ ಬೆಲೆಯನ್ನು ನಂಬಿ ಜನ ತೋಟಕ್ಕೆ ಸಾಲ ತಂದರು, ಮನೆ ಕಟ್ಟಿದರು, ಮಕ್ಕಳನ್ನು ದೂರದ ಕಾಲೇಜಿಗೆ ಕಳುಹಿಸಿದರು. ಕೆಲವೇ ವರ್ಷಗಳಲ್ಲಿ ಬೆಲೆ 100 ರೂಪಾಯಿಗಿಂತ ಕೆಳಗಿಳಿಯಿತು. ಕಾಫಿಯ ಬೆಲೆಯೂ ಅದೇ ಕಾಲಕ್ಕೆ ಕುಸಿಯಿತು. ಬಳ್ಳಿಗಳಿಗೆ ಸೊರಗು ರೋಗ ತಗುಲಿತು. ಬೆಲೆ ಇಳಿದರೂ ಸಾಲ ಮಾತ್ರ ಇಳಿಯಲಿಲ್ಲ. ಎಷ್ಟೋ ರೈತರು ಪ್ರಾಣವನ್ನೇ ಕಳೆದುಕೊಂಡರು. 2006ರಲ್ಲಿ ಕೇಂದ್ರ ಸರ್ಕಾರವು ಸಂಕಷ್ಟದಲ್ಲಿದ್ದ 31 ಜಿಲ್ಲೆಗಳಿಗೆ ವಿಶೇಷ ನೆರವನ್ನು ಘೋಷಿಸಿದಾಗ ಅದರಲ್ಲಿ ವಯನಾಡೂ ಸೇರಿತ್ತು. ಅದೇ ವರ್ಷ ಕೇರಳ ಸರ್ಕಾರವು ರೈತರ ಸಾಲ ಪರಿಹಾರ ಆಯೋಗಕ್ಕಾಗಿ ಕಾಯಿದೆ ಮಾಡಿತು.

ಒಂದು ಸೀಮೆಗೆ ಸೀಮೆಯೇ ಸಾಲದಲ್ಲಿ ಮುಳುಗಿದಾಗ ಅದು ಒಬ್ಬೊಬ್ಬನ ದುಂದುಗಾರಿಕೆಯ ಫಲವೆಂದು ಹೇಳಲಾಗದು. ಮಳೆ, ರೋಗ, ಪೇಟೆಯ ಬೆಲೆ ಇವು ಬೆಳೆಗಾರನ ಕೈಯಲ್ಲಿಲ್ಲ. ಆದರೂ ಆ ದಿನಗಳಲ್ಲಿ ಪ್ರತಿ ಮನೆಯವನೂ 'ನಾನೊಬ್ಬನೇ ಸೋತವನು' ಎಂದು ಭಾವಿಸಿದ. ಪಕ್ಕದ ಮನೆಯವನೂ ಹಾಗೆಯೇ ಭಾವಿಸುತ್ತಿದ್ದನೆಂಬುದು ಇವನಿಗೆ ತಿಳಿಯಲಿಲ್ಲ, ಏಕೆಂದರೆ ಇಬ್ಬರೂ ಬಾಯಿ ಬಿಡಲಿಲ್ಲ.

ಸಾಲವನ್ನು ಮುಚ್ಚಿಟ್ಟರೆ ಅದು ಬೆಳೆಯುತ್ತದೆ. ಲೆಕ್ಕ ಹಾಕಿ ನೋಡೋಣ. ಗಡಿಯಾಚೆ ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಿ ನಷ್ಟ ಮಾಡಿಕೊಂಡ ಒಬ್ಬನಿಗೆ 50,000 ರೂಪಾಯಿ ಬೇಕಾಯಿತೆನ್ನಿ. ಸಹಕಾರ ಸಂಘಕ್ಕೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆಂಬ ಅಂಜಿಕೆಯಿಂದ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಯ ಕೈಸಾಲ ತರುತ್ತಾನೆ. ವರ್ಷಕ್ಕೆ ಬಡ್ಡಿಯೇ 30,000 ರೂಪಾಯಿ. ಅಸಲು ಇದ್ದಲ್ಲೇ ಇರುತ್ತದೆ. ಸಂಘದಲ್ಲಿ ವರ್ಷಕ್ಕೆ ನೂರಕ್ಕೆ 12ರ ದರದಲ್ಲಿ ಸಿಕ್ಕಿದ್ದರೆ ಬಡ್ಡಿ 6,000 ಆಗುತ್ತಿತ್ತು. ನಡುವಣ 24,000 ರೂಪಾಯಿ ಅವನು ಗುಟ್ಟಿಗಾಗಿ ತೆತ್ತ ದಂಡ. ಮುಂದಿನ ವರ್ಷ ಆ ಗುಟ್ಟನ್ನು ಕಾಯಲು ಇನ್ನೊಂದು ಸಾಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸಾಲಕ್ಕೆ ನಾಚಬೇಕಾಗಿಲ್ಲವೆಂದರೆ ಜನ ತೀರಿಸುವುದನ್ನೇ ಬಿಟ್ಟಾರು, ಕೊಟ್ಟವನ ಗತಿಯೇನು? ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಪಡೆದದ್ದನ್ನು ಹಿಂದಿರುಗಿಸುವುದು ಧರ್ಮವೇ ಸರಿ. ಆದರೆ ನಾಚಿಕೆಯಿಂದ ಸಾಲ ತೀರಿದ್ದನ್ನು ಕಂಡವರುಂಟೆ? ನಾಚುವವನು ಸಾಲಗಾರನನ್ನು ಕಂಡರೆ ಓಣಿ ಬದಲಿಸುತ್ತಾನೆ. ಪ್ರಾಮಾಣಿಕನು ಕಂತಿನ ದಿನಕ್ಕಿಂತ ಮೊದಲೇ ತಾನಾಗಿ ಹೋಗಿ 'ಈ ಸಲ ಇಷ್ಟೇ ಆಗುತ್ತದೆ, ಉಳಿದದ್ದಕ್ಕೆ ಅವಧಿ ಕೊಡಿ' ಎನ್ನುತ್ತಾನೆ. ಇಬ್ಬರಲ್ಲಿ ಕೊಟ್ಟವನ ಹಣ ಯಾರಿಂದ ಹಿಂದಕ್ಕೆ ಬರುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ತಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಹಾಕಿ ಬರುವಂತೆ ಹೇಳಿದರು. ಆಸೆ ಮಿತಿಯಲ್ಲಿರಬೇಕೆಂಬುದಕ್ಕೆ ಈ ಕಥೆಯನ್ನು ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಅಕ್ಕಿ ಹೆಚ್ಚಾಗಿದೆಯೆಂದು ಲಕ್ಕಮ್ಮನವರಿಗೆ ತಿಳಿದದ್ದು ಹೇಗೆ? ದಿನವೂ ಎಷ್ಟು ಬರುತ್ತದೆಂಬುದು ಆಕೆಗೆ ಗೊತ್ತಿತ್ತು. ಆ ಮನೆಯಲ್ಲಿ ಗಂಡನ ಗಳಿಕೆ ಹೆಂಡತಿಗೆ ಮರೆಯಾಗಿರಲಿಲ್ಲ. ಲೆಕ್ಕ ಇಬ್ಬರ ಕಣ್ಣ ಮುಂದಿದ್ದುದರಿಂದಲೇ ಒಬ್ಬರು ತಪ್ಪಿದಾಗ ಇನ್ನೊಬ್ಬರು ತಿದ್ದಲು ಸಾಧ್ಯವಾಯಿತು.

ನಾವು ಮಾಡತಕ್ಕ ಮೊದಲನೆಯ ಕೆಲಸವೂ ಅದೇ. ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು, ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಚಿನ್ನ ಎಲ್ಲಿ ಅಡವಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ಕಳೆಯಬೇಕು. ಬೆಳೆಗಾಗಿ ಮಾಡಿದ ಸಾಲ ಯಾವುದು, ನಾಲ್ಕು ಜನ ಮೆಚ್ಚಲೆಂದು ಮದುವೆಗೆ ಮಾಡಿದ ಸಾಲ ಯಾವುದು ಎಂಬುದು ಆಗ ಕಾಣುತ್ತದೆ. ಮೊದಲನೆಯದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. ಎರಡನೆಯದನ್ನು ಮತ್ತೆ ಮಾಡಬಾರದು.

ಕಾನೂನಿನ ಆಸರೆಯನ್ನೂ ತಿಳಿದಿರಬೇಕು. 2025ರ ಆರಂಭದಲ್ಲಿ ಕಾಡಿನ ಈಚೆ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಹೊರಟುಹೋದವು. ಕರ್ನಾಟಕ ಸರ್ಕಾರ ಆ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಪಡೆದ ಕುಟುಂಬದ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕಾಡುವಂತಿಲ್ಲ. ಮನಸ್ಸು ತೀರ ಕುಗ್ಗಿದಾಗ 14416 ಸಂಖ್ಯೆಗೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಹಗಲಿರುಳೂ ಮಾತನಾಡುವವರಿದ್ದಾರೆ.

ಕೊನೆಯದಾಗಿ, ಸಾಲವಿಲ್ಲದವರಿಗೂ ಒಂದು ಮಾತು. ನೆರೆಯವನು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕಾದರೆ, ಕೇಳಿದವರು ಅದನ್ನು ಚಹದಂಗಡಿಯ ಹರಟೆಗೆ ಒಯ್ಯಬಾರದು. ದಾಸೋಹವೆಂದರೆ ಅನ್ನ ಬಡಿಸುವುದಷ್ಟೇ ಅಲ್ಲ. ಕಷ್ಟದಲ್ಲಿರುವವನ ಜೊತೆ ಸಂಘದ ಬಾಗಿಲವರೆಗೆ ಹೋಗುವುದು, ಅವನ ಮಗಳ ಮದುವೆ ಸರಳವಾಗಿ ನಡೆದಾಗ ಆಡಿಕೊಳ್ಳದೆ ಹೋಗಿ ಹರಸಿ ಬರುವುದು, ಇವೂ ದಾಸೋಹವೇ. ಅಂಥ ನೆರೆಹೊರೆ ಇದ್ದಲ್ಲಿ ಸಾಲ ಇರಬಹುದು, ಆದರೆ ಅದನ್ನು ಒಬ್ಬನೇ ಹೊರಬೇಕಾದ ಗತಿ ಯಾರಿಗೂ ಬರಲಾರದು.