ರೊಟ್ಟಿಯನ್ನು ತುಚ್ಛವೆನ್ನಬೇಡಿರಿ



ಬಾಬೆಲಿನ ಅರಮನೆಯಲ್ಲಿ ದಾನಿಯೇಲನೂ ಅವನ ಮೂವರು ಗೆಳೆಯರೂ ಅರಸನ ಭೋಜನವನ್ನು ಬಿಟ್ಟು, ಹತ್ತು ದಿವಸ ಕಾಯಿಪಲ್ಯವನ್ನೂ ನೀರನ್ನೂ ಮಾತ್ರ ತೆಗೆದುಕೊಂಡ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಅವರು ನಂಬಿಕೆಯ ನಿಮಿತ್ತವಾಗಿ ಹಾಗೆ ಮಾಡಿದರು. ಆದರೂ ಬಡವರ ಊಟವು ಅರಸನ ಊಟಕ್ಕೆ ಕಡಿಮೆಯಲ್ಲವೆಂಬದು ಆಗ ತಿಳಿದುಬಂತು.

ಇದಕ್ಕೆ ಹೋಲುವ ಪರೀಕ್ಷೆಯೊಂದರ ಫಲವು 2015ರಲ್ಲಿ ಪ್ರಕಟವಾಯಿತು. ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿರುವ ಆಫ್ರಿಕಾ ಮೂಲದ ಅಮೆರಿಕದವರು 20 ಮಂದಿ, ಅದು ಬಹು ಅಪರೂಪವಾಗಿರುವ ದಕ್ಷಿಣ ಆಫ್ರಿಕಾದ ಹಳ್ಳಿಗರು 20 ಮಂದಿ, ಎರಡು ವಾರ ತಮ್ಮ ಊಟವನ್ನು ಅದಲು ಬದಲು ಮಾಡಿಕೊಂಡರು. ಹಳ್ಳಿಯ ನಾರುಳ್ಳ ಊಟವನ್ನುಂಡ ಅಮೆರಿಕದವರ ಕರುಳಿನ ಉರಿಯೂತ ತಗ್ಗಿತು. ಮಾಂಸವೂ ಕೊಬ್ಬೂ ಹೆಚ್ಚಾದ ಊಟವನ್ನುಂಡ ಹಳ್ಳಿಗರಲ್ಲಿ ಅಪಾಯದ ಗುರುತುಗಳು ಹೆಚ್ಚಿದವು.

ಇದಕ್ಕೆ ಕಾರಣವೇನು? ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ನಾವು ಅರಗಿಸಲಾರದ ನಾರೇ ಅವುಗಳ ಆಹಾರ. ಅದನ್ನು ಹುಳಿಸಿ ಅವು ಬ್ಯುಟಿರೇಟ್ ಎಂಬ ಪದಾರ್ಥವನ್ನು ಮಾಡುತ್ತವೆ. ಅದು ಕರುಳಿನ ಒಳಪದರವನ್ನು ಪೋಷಿಸಿ ಉರಿಯೂತವನ್ನು ತಡೆಯುತ್ತದೆ. ಕೊಬ್ಬು ಮಿತಿಮೀರಿದರೆ ಬೇರೆ ಬ್ಯಾಕ್ಟೀರಿಯಾಗಳು ಪಿತ್ತರಸವನ್ನು ಕೆಡುಕಿನ ಪದಾರ್ಥವಾಗಿ ಮಾರ್ಪಡಿಸುತ್ತವೆ. ಹೀಗೆ, ಕಣ್ಣಿಗೆ ಕಾಣದ ಈ ಕೆಲಸಗಾರರಿಗೆ ನಾವು ಕೊಡುವ ಕೂಲಿಯಂತೆ ಅವರ ಕೆಲಸವೂ ಇರುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ನಮ್ಮ ಹಿರಿಯರು ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಹೆಸರುಕಾಳು ಇವುಗಳಿಂದಲೇ ದುಡಿದು ಬಾಳಿದರು. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳಾದವು. ಇದು ದೇವರ ದಯೆಯೇ. ಆದರೆ ಮೂರು ಹೊತ್ತೂ ಬಿಳೀ ಅನ್ನವನ್ನುಂಡು, ಅತಿಥಿಗಳ ಮುಂದೆ ರೊಟ್ಟಿಯನ್ನಿಡಲು ನಾಚುವದು ತಕ್ಕದ್ದೋ? ಮಕ್ಕಳ ಕೈಗೆ ಹುರಿಗಡಲೆಯ ಬದಲಾಗಿ ಬಿಸ್ಕತ್ತಿನ ಪೊಟ್ಟಣವನ್ನು ಕೊಡುವದು ಪ್ರೀತಿಯೋ?

ಮಾಂಸವು ಅಶುದ್ಧವೆಂದು ನಾವು ಹೇಳುವದಿಲ್ಲ. ತಿನ್ನುವವನನ್ನು ಯಾರೂ ಹೀನೈಸಬಾರದು. ಆದರೆ ಉಪ್ಪು ಹೊಗೆಗಳಿಂದ ಕೆಡದಂತೆ ಮಾಡಿಟ್ಟ ಮಾಂಸವು ಈ ಕ್ಯಾನ್ಸರಿಗೆ ಕಾರಣವೆಂದೂ, ಕುರಿ ದನಗಳ ಮಾಂಸವು ಕಾರಣವಾಗಿರುವ ಸಂಭವ ಉಂಟೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 2015ರಲ್ಲಿ ಪ್ರಕಟಿಸಿತು. ಆದಕಾರಣ ಮಿತವಿರಲಿ. ಹೆಂಡವೂ ತಂಬಾಕೂ ಇದೇ ರೋಗದ ಅಪಾಯವನ್ನು ಹೆಚ್ಚಿಸುತ್ತವೆ.

ಆದರೂ ಚೆನ್ನಾಗಿ ನಡೆದುಕೊಂಡವನಿಗೂ ಈ ರೋಗ ಬಂದೀತು. ಅವನ ಮನೆಗೆ ಹೋಗಿ ಇದು ಯಾರ ಪಾಪದ ಫಲವೆಂದು ವಿಚಾರಿಸಬೇಡಿರಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ ಕರ್ತನು ಆ ಮಾತನ್ನು ಒಪ್ಪಲಿಲ್ಲ. ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ರೀತಿಯು ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ಮೈ ಇಳಿದರೆ, ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿ ನಾಚಿಕೆಯಿಂದ ಮುಚ್ಚಿಡದೆ ಸರಕಾರೀ ಆಸ್ಪತ್ರೆಗೆ ಹೋಗತಕ್ಕದ್ದು. ಬೇಗ ತಿಳಿದರೆ ಶಸ್ತ್ರಚಿಕಿತ್ಸೆಯಿಂದ ಅನೇಕರು ಗುಣಹೊಂದುತ್ತಾರೆ.

ರೋಗಿಗಳಿಗೂ ನಿರೀಕ್ಷೆ ಉಂಟು. ಈ ಕ್ಯಾನ್ಸರಿನ 1,575 ರೋಗಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾರನ್ನು ಹೆಚ್ಚು ತಿಂದವರಲ್ಲಿ ಮರಣವು ಕಡಿಮೆಯಾಗಿ ಕಂಡಿತು. 2025ರ ಪರೀಕ್ಷೆಯೊಂದರಲ್ಲಿ, ಚಿಕಿತ್ಸೆಯ ತರುವಾಯ ಮೂರು ವರುಷ ಕ್ರಮವಾಗಿ ವ್ಯಾಯಾಮ ಮಾಡಿದವರೊಳಗೆ ಎಂಟು ವರುಷಗಳ ಮೇಲೆ ನೂರಕ್ಕೆ 90 ಮಂದಿ ಬದುಕಿದ್ದರು. ಉಳಿದವರೊಳಗೆ 83 ಮಂದಿ. ಆದರೆ ರೊಟ್ಟಿಯು ಔಷಧದ ಬದಲಲ್ಲ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ನಾರು ತಕ್ಕದ್ದೋ ಎಂಬದನ್ನು ವೈದ್ಯರನ್ನೇ ಕೇಳಬೇಕು.

ಪ್ರಿಯರೇ, ಈ ದೇಹವು ನಮ್ಮ ಸ್ವಂತದ್ದಲ್ಲ, ನಮಗೆ ಒಪ್ಪಿಸಲ್ಪಟ್ಟದ್ದು. ಈ ಹೊತ್ತು ಊಟಕ್ಕೆ ಕೂತಾಗ ರೊಟ್ಟಿಗಾಗಿ ನಾಚಿಕೆಪಡದೆ ಸ್ತೋತ್ರ ಮಾಡೋಣ. ನೋವನ್ನು ಮುಚ್ಚಿಟ್ಟುಕೊಂಡ ನೆರೆಯವರಿದ್ದರೆ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಕರ್ತನು ನಮಗೆ ವಿವೇಕವನ್ನು ದಯಪಾಲಿಸಲಿ. ಆಮೆನ್.