ಹಿಂದಿನ ಅಚ್ಚು

ಆನ್‌ಸೈಟ್ ಅಂತ ಮಿಷಿಗನ್‌ಗೆ ಹೋದ ವರ್ಷ ನಾನು ಬಾಡಿಗೆಗಿದ್ದ ಮನೆಯ ಓನರ್ರು, ತೀರಿಹೋದ ಅಣ್ಣನ ಕಾರನ್ನ ಗ್ಯಾರೇಜಿನಲ್ಲಿ ಅರ್ಧ ಬಿಚ್ಚಿಕೊಂಡು ಕೂತಿದ್ದರು. 1969ರ ಕಾರ್ವೆಟ್. ಅಣ್ಣ ಅದನ್ನ ಕಂಪನಿಯಿಂದ ಬಂದ ಹಾಗೇ, ಒಂದು ಬೋಲ್ಟೂ ಬದಲಿಸದೆ ಇಟ್ಟುಕೊಂಡಿದ್ದನಂತೆ. ತಮ್ಮನಿಗೆ ಡ್ರ್ಯಾಗ್ ರೇಸಿನ ಹುಚ್ಚು. ಕಾಲು ಮೈಲಿ, ಅಂದ್ರೆ 402 ಮೀಟರ್, ನೆಟ್ಟಗೆ ಓಡಿಸೋದು, ಅಷ್ಟೇ. ತಿರುವೇ ಇಲ್ಲ. ಅದಕ್ಕಾಗಿ ಹಿಂದಿನ ಸಸ್ಪೆನ್ಷನ್ ಕಿತ್ತು ಸಾಲಿಡ್ ಆಕ್ಸಲ್ ಕೂರಿಸೋಕೆ ಹೊರಟಿದ್ದರು. ಟಾರ್ಚ್ ಹಿಡಿಯೋ ಕೆಲಸ ನಂದು.

ಎತ್ತಿನ ಗಾಡಿಯ ಅಚ್ಚು ನೋಡಿದವರಿಗೆ ಸಾಲಿಡ್ ಆಕ್ಸಲ್ ಬಿಡಿಸಿ ಹೇಳಬೇಕಿಲ್ಲ. ಎರಡು ಚಕ್ರಕ್ಕೂ ಒಂದೇ ದಿಂಡು. ಎಡಗಡೇದು ಕಲ್ಲು ಹತ್ತಿದ್ರೆ ಬಲಗಡೇದೂ ಜೊತೆಗೇ ವಾಲುತ್ತೆ. 1962ರವರೆಗೆ ಕಾರ್ವೆಟ್ಟಿಗೂ ಅಂಥದ್ದೇ ಇತ್ತು. 1963ರ ಮಾದರಿಯಲ್ಲಿ ಜೋರಾ ಆರ್ಕಸ್-ಡಂಟೋವ್ ಅನ್ನೋ ಎಂಜಿನಿಯರ್ ಅದನ್ನ ತೆಗೆದು, ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು ಏಳುವ ಬೀಳುವ ವ್ಯವಸ್ಥೆ ತಂದರು. ಜಾಣ ಕೆಲಸ. ಚಕ್ರಕ್ಕೆ ಶಕ್ತಿ ಒಯ್ಯುವ ಹಾಫ್ ಶಾಫ್ಟೇ ಚಕ್ರವನ್ನ ಹಿಡಿದು ನಿಲ್ಲಿಸೋ ತೋಳೂ ಹೌದು. ಅಡ್ಡಡ್ಡಲಾಗಿ ಒಂದೇ ಒಂದು ಪಟ್ಟಿ ಸ್ಪ್ರಿಂಗ್ ಎರಡೂ ಕಡೆಯ ಭಾರ ಹೊರುತ್ತೆ. ತಿರುವುಗಳ ರಸ್ತೆಯಲ್ಲಿ ಅದರ ಸೊಗಸೇ ಬೇರೆ.

ಡ್ರ್ಯಾಗ್ ರೇಸಿನಲ್ಲಿ ಮಾತ್ರ ಅದೇ ಜಾಣತನ ಕೈಕೊಡುತ್ತೆ. ರಸ್ತೆಗೆ ಅಂಟಿಕೊಳ್ಳೋ ಅಗಲದ ಟೈರ್ ಹಾಕಿ ಒಮ್ಮೆಗೇ ಕ್ಲಚ್ ಬಿಟ್ರೆ ಹಿಂಭಾಗ ಕುಸಿಯುತ್ತೆ, ಚಕ್ರ ಓರೆಯಾಗುತ್ತೆ, ಏಟೆಲ್ಲ ಯು-ಜಾಯಿಂಟ್ ಮೇಲೆ. ಅದು ಮುರಿದ್ರೆ ಕಾರು ನಿಲ್ಲೋದಷ್ಟೇ ಅಲ್ಲ, ಚಕ್ರಕ್ಕಿದ್ದ ಆಧಾರವೂ ಹೋಯ್ತು. ಸಾಲಿಡ್ ಆಕ್ಸಲ್‌ಗೆ ಈ ತಕರಾರಿಲ್ಲ. ಕಾರು ಎಷ್ಟೇ ಕುಸೀಲಿ, ಚಕ್ರ ನೆಟ್ಟಗೇ ಇರುತ್ತೆ. ಓನರ್ರು ತಂದಿದ್ದು ಫೋರ್ಡಿನ 9 ಇಂಚಿನ ಆಕ್ಸಲ್. ಶೆವರ್ಲೆ ಕಾರಿಗೆ ಫೋರ್ಡ್ ಬೆನ್ನೆಲುಬು! ಅಗಲ ಅಳೆದು, ಗೇರ್‌ಬಾಕ್ಸಿಂದ ಬರೋ ಶಾಫ್ಟಿನ ಕೋನಕ್ಕೂ ಆಕ್ಸಲ್ ಮೂತಿಯ ಕೋನಕ್ಕೂ ಹೊಂದಿಸಿ (ಇದು ತಪ್ಪಿದ್ರೆ ಇಡೀ ಕಾರು ನಡುಗುತ್ತೆ), ನಾಲ್ಕು ತೋಳುಗಳಿಗೆ ಹೊಸ ಬ್ರಾಕೆಟ್ ವೆಲ್ಡ್ ಮಾಡೋದು ಅಂತ ಲೆಕ್ಕ. ಪೆಟ್ರೋಲ್ ಟ್ಯಾಂಕ್ ಮೊದಲೇ ಇಳಿಸಿದ್ವಿ. ಫ್ರೇಮಿನ ಒಂದೆರಡು ಹಳೇ ಬ್ರಾಕೆಟ್ ಅಡ್ಡ ಬರ್ತಿದ್ದವು. ಅವನ್ನ ಕತ್ತರಿಸಬೇಕು. ಗ್ರೈಂಡರ್ ನನ್ನ ಕೈಗೆ ಕೊಟ್ಟರು.

ಅಲ್ಲೀವರೆಗೂ ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಬಹುದಿತ್ತು.

ಕಾರು ರೂಪಿಸಿದವರ ಮನಸ್ಸಿಗೆ ನಿಷ್ಠೆಯಾಗಿರಬೇಕು ಅನ್ನೋ ವಾದ ನಂಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಯಾರ ಮನಸ್ಸು? ಅದೇ 1963ರ ಕಾರ್ವೆಟ್ ಕೂಪೆಯಲ್ಲಿ ಹಿಂದಿನ ಗಾಜನ್ನ ಸೀಳುವ ಒಂದು ಪಟ್ಟಿಯಿತ್ತು. ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಅದು ಬೇಕೇ ಬೇಕು, ಹಿಂದೆ ಏನೂ ಕಾಣಲ್ಲ ಅಂತ ಡಂಟೋವ್‌ಗೆ ಬೇಡ. 1964ರಲ್ಲಿ ಪಟ್ಟಿ ಹೋಯ್ತು. ಕೆಲವು ಓನರ್‌ಗಳು 1963ರ ಕಾರಿನ ಪಟ್ಟಿ ಕತ್ತರಿಸಿ ಹೊಸ ಒಂಟಿ ಗಾಜು ಕೂರಿಸಿಕೊಂಡರು. ಎಂಜಿನಿಯರ್ ದೃಷ್ಟಿಯಿಂದ ಅವರು ಮಾಡಿದ್ದು ಸರಿ. ಈಗ ಜನ ಹುಡುಕಿಕೊಂಡು ಹೋಗೋದು ಆ ಪಟ್ಟಿಯಿರೋ ಕಾರನ್ನೇ. ಹಾಗಂತ ಸಂತೆಯ ಬೆಲೆ ನೋಡಿ ಆತ್ಮಸಾಕ್ಷಿ ತೂಗೋಕಾಗುತ್ತಾ? ಅದೂ ಒಪ್ಪಲ್ಲ ನಾನು.

ನನ್ನ ಕಾಡಿದ್ದು ಬೇರೆ. ಗ್ರೈಂಡರ್ ಹಿಡಕೊಂಡೇ ಕೇಳಿದೆ, "ನಿಮ್ಮಣ್ಣ ಇದ್ದಿದ್ರೆ ಏನಂತಿದ್ರು?"

"ಚೆನ್ನಾಗಿ ಬೈತಿದ್ದ. ಆಮೇಲೆ ಒಂದು ರೌಂಡ್ ನಂಗೂ ಕೊಡು ಅಂತಿದ್ದ."

ನಗ್ತಾ ಕತ್ತರಿಸಿದೆ. ಕಿಡಿ ಹಾರಿದ್ವು, ಎರಡು ನಿಮಿಷದ ಕೆಲಸ. ರಾತ್ರಿ ನಿದ್ದೆ ಬರಲಿಲ್ಲ. ಸತ್ತವರ ಬಾಯಲ್ಲಿ ನಮಗೆ ಬೇಕಾದ ಮಾತು ಇಡೋದು ಎಷ್ಟು ಸುಲಭ ನೋಡಿ. ಐವತ್ತು ವರ್ಷ ಏನನ್ನೂ ಮುಟ್ಟದೆ ಕಾಪಾಡಿದ ಮನುಷ್ಯ ನಿಜಕ್ಕೂ ಹಾಗಂತಿದ್ನಾ? ಆದ್ರೆ ಅವರನ್ನ ಕೇಳೋಕೆ ನಾನ್ಯಾರು.

ಯಾಕಂದ್ರೆ ಊರಲ್ಲಿ ನಾವೂ ಅಚ್ಚು ಬದಲಿಸಿದವರೇ. ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ಅಪ್ಪ ತಾತನ ಗಾಡಿಯ ಮರದ ಚಕ್ರ ಕಳಚಿ, ಬೇರಿಂಗ್ ಇರೋ ಕಬ್ಬಿಣದ ಅಚ್ಚು, ರಬ್ಬರ್ ಟೈರ್ ಹಾಕಿಸಿದರು. ತಾತ ಮೂರು ದಿನ ಮಾತು ಬಿಟ್ಟರು. ಆ ಚಕ್ರ ಮಾಡಿಕೊಟ್ಟ ಆಚಾರಿ ಮನೆ ಮುಂದೆ ಟೈರ್ ಗಾಡಿ ಹೊಡಕೊಂಡು ಹೋಗೋದು ಹೇಗೆ ಅನ್ನೋದು ಅವರ ಸಂಕಟ. ಆಚಾರಿಗೆ ಕೆಲಸ ಕಮ್ಮಿಯಾಯ್ತು, ಅದೂ ನಿಜ. ಆದ್ರೆ ಎತ್ತಿನ ಹೆಗಲ ಮೇಲಿನ ಹುಣ್ಣು ಮಾಯ್ದಿದ್ದನ್ನ ನಾನೇ ನೋಡಿದ್ದೀನಿ. ಬಾಯಿಲ್ಲದ ಜೀವಕ್ಕಾಗಿ ಮಾಡಿದ ಬದಲಾವಣೆ ಅದು. ತಾತನೂ ಕೊನೆಗೆ ಸುಮ್ಮನಾದರು. ಸುಮ್ಮನಾಗಿದ್ದು ಒಪ್ಪಿಗೆಯಾ ಅಂತ ಕೇಳಿದ್ರೆ ಗೊತ್ತಿಲ್ಲ.

ಮರದ ಚಕ್ರಗಳನ್ನ ಅಪ್ಪ ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟಿದ್ದರು. ತಾತ ಹೋದ ಎರಡು ವರ್ಷಕ್ಕೆ, ರೆಸಾರ್ಟಿಗೆ ಬೇಕು ಅಂತ ಬಂದವನಿಗೆ ಅವನ್ನ ಮಾರಿದ್ದು ನಾನು. ಆಗ ಕೈಯಲ್ಲಿ ಸಂಬಳ ಇತ್ತು, ದುಡ್ಡಿನ ಅಗತ್ಯ ಇರಲಿಲ್ಲ. ಜಾಗ ಖಾಲಿಯಾಗ್ಲಿ ಅಂತ ಅಷ್ಟೇ. ಅಪ್ಪ ಹಿಂದೆ ಮುಂದೆ ನೋಡಿದಾಗ ನಾನಂದಿದ್ದೆ, "ತಾತ ಇದ್ದಿದ್ರೆ ಬೇಡ ಅಂತಿರ್ಲಿಲ್ಲ ಬಿಡಪ್ಪ."

ಓನರ್ರು ಮಾತ್ರ ಬಿಚ್ಚಿದ ಒಂದೊಂದು ಭಾಗಕ್ಕೂ ಗ್ರೀಸ್ ಸವರಿ, ಚೀಟಿ ಕಟ್ಟಿ, ಮರದ ಪೆಟ್ಟಿಗೆಯಲ್ಲಿ ಜೋಡಿಸಿದರು. ನಾನು ಕತ್ತರಿಸಿದ ಬ್ರಾಕೆಟ್ ತುಂಡುಗಳನ್ನೂ ಬಿಡಲಿಲ್ಲ. ಅವು ಮತ್ತೆ ಅಂಟಲ್ಲ ಅಂತ ಅವರಿಗೂ ಗೊತ್ತಿತ್ತು. ಯಾಕೆ ಅಂತ ನಾನು ಕೇಳಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಟೀಮ್ ಔಟಿಂಗ್ ಅಂತ ಸಕಲೇಶಪುರದ ಕಡೆ ಹೋಗಿದ್ವಿ. ರೆಸಾರ್ಟಿನ ಗೇಟಿನ ಎರಡೂ ಬದಿಗೆ ಗಾಡಿ ಚಕ್ರಗಳು, ವಾರ್ನಿಷ್ ಹೊಡೆದು, ಸುತ್ತ ಸೀರಿಯಲ್ ಲೈಟ್ ಬಿಟ್ಟು. ನಮ್ಮವೇ ಅನ್ನೋಕೆ ಯಾವ ಆಧಾರವೂ ಇಲ್ಲ. ನಮ್ಮ ಚಕ್ರದ ಗುಂಬದಲ್ಲಿ ಕಡಾಣಿ ಉಜ್ಜಿ ಉಜ್ಜಿ ಒಂದು ಗೀರು ಬಿದ್ದಿತ್ತು. ಎಲ್ಲರೂ ಸೆಲ್ಫಿ ತಗೋತಿದ್ರು. ನಾನು ಕೂತು, ಗುಂಬದ ಮೇಲೆ ಬೆರಳಾಡಿಸಿದೆ. ವಾರ್ನಿಷ್ ದಪ್ಪಗಿತ್ತು. ಏನೂ ತಿಳೀಲಿಲ್ಲ.