ಕಾಣದ ಹಕ್ಕಿಯ ಲೆಕ್ಕ

ನೆಲದ ಮೇಲೆ ಮಡಕೆ ಇಲ್ಲ ಎಂಬುದು ತಿಳಿಯುವುದು ಹೇಗೆ? ಕಣ್ಣಿನಿಂದಲೇ ಎಂದರು ನ್ಯಾಯದರ್ಶನದ ನೈಯಾಯಿಕರು. ಅಲ್ಲ, ಅದಕ್ಕೆ ‘ಅನುಪಲಬ್ಧಿ’ (ಕಾಣದಿರುವಿಕೆ) ಎಂಬ ಬೇರೆಯೇ ಪ್ರಮಾಣ, ಅಂದರೆ ಅರಿವಿನ ದಾರಿ, ಬೇಕು ಎಂದರು ಮೀಮಾಂಸಕ ಕುಮಾರಿಲ ಭಟ್ಟನ ಕಡೆಯವರು, ಅದ್ವೈತಿಗಳೂ ತಲೆದೂಗಿದರು. ಷರತ್ತು ಒಂದೇ: ಇದ್ದಿದ್ದರೆ ಕಾಣಲೇಬೇಕಿತ್ತು. ಕತ್ತಲಲ್ಲಿ ಹುಡುಕಿ ‘ಇಲ್ಲ’ ಎಂದರೆ ನಡೆಯದು.

ಈ ಹಳೇ ಜಗಳ ಈಗ ಹವ್ಯಾಸಿ ಪಕ್ಷಿವೀಕ್ಷಕರ ಮೊಬೈಲಿಗೆ ಬಂದು ಕೂತಿದೆ. ಕಂಡ ಹಕ್ಕಿಗಳನ್ನು ದಾಖಲಿಸುವ ‘ಇ-ಬರ್ಡ್’ ಆ್ಯಪ್‌ಗೆ ಪಟ್ಟಿ ಕಳಿಸುವಾಗ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂಬ ಪ್ರಶ್ನೆ ಎದುರಾಗುತ್ತದೆ. ಹೌದೆಂದರೆ ಮಾತ್ರ ಬರೆಯದೆ ಉಳಿದ ಹಕ್ಕಿಗೂ ಅರ್ಥ. ಇಂಥ ಪಟ್ಟಿಗಳನ್ನು ಆಧರಿಸಿಯೇ 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಮಾತ್ರ ಇಳಿದಿದೆ ಎಂದಿತು.

ಇಂಥ ಯೋಜನೆಗಳ ಪ್ರಭಾವ ಅಳೆಯುವವರು ವೀಕ್ಷಕರನ್ನು, ಪಟ್ಟಿಗಳನ್ನು, ಪ್ರಬಂಧಗಳನ್ನು ಎಣಿಸುತ್ತಾರೆ. ಎಣಿಸಲಿ. ಆದರೆ ನೋಡುವವನೊಳಗಿನ ಬದಲಾವಣೆ ಪ್ರಶ್ನಾವಳಿಗೆ ಸಿಗಲಿಲ್ಲವೆಂದು ಅದು ಆಗಲೇ ಇಲ್ಲ ಎನ್ನಬಹುದೇ? ಕುಮಾರಿಲನ ಷರತ್ತು ಇಲ್ಲಿ ಅಳತೆಗೋಲಿಗೇ ತಗಲುತ್ತದೆ.

ಕಾಲದ ಮಾತಂತೂ ಇನ್ನೂ ತೊಡಕಿನದು. 1900ರ ಕ್ರಿಸ್‌ಮಸ್‌ಗೆ ಬೇಟೆಯ ಬದಲು ಹಕ್ಕಿ ಎಣಿಸೋಣ ಎಂದು ಅಮೆರಿಕದ ಫ್ರ್ಯಾಂಕ್ ಚಾಪ್‌ಮನ್ ಕರೆದಾಗ ಬಂದವರು 27 ಮಂದಿ. ಮರುವರ್ಷವೇ ಯಾರಾದರೂ ಫಲಿತಾಂಶ ಕೇಳಿದ್ದರೆ ತೋರಿಸಲು ಒಂದಿಷ್ಟು ಪಟ್ಟಿಗಳಿದ್ದವು, ಅಷ್ಟೇ. ಹವಾಮಾನ ಬದಲಾದಂತೆ ಹಕ್ಕಿಗಳು ಉತ್ತರಕ್ಕೆ ಸರಿಯುತ್ತಿರುವುದನ್ನು ಗುರುತಿಸಲು ಆ ಎಣಿಕೆಯ ದಾಖಲೆಗಳೇ ಮುಂದೆ ಒದಗಿದವು.